ಹೆಣ್ಣುಸಂತತಿಯ ಜಾಡು

ಪಾಂಡವಪುರಕ್ಕೆ ಹೆಸರುಗಳು ಮೂರು. ಮೊದಲಿನದು ಹಿರೋಡೆ. ಕುಂತಿಬೆಟ್ಟದಲ್ಲಿ ಪಾಂಡವರು ಕೆಲವು ಕಾಲ ಇದ್ದರೆಂಬ ಐತಿಹ್ಯದಿಂದ ಹುಟ್ಟಿದುದು ಈಗಿನ ಹೆಸರು. ಇವೆರಡರ ನಡುವೆ ಬಹುಕಾಲ ಆ ಊರು ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡಿತ್ತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಬಂಡೆಗಳ ಬಳಿ ಪಾಳೆಯ ಬಿಟ್ಟಿದ್ದುದರ ಗುರುತು ಅದು. ಆ ಸಿಪಾಯಿಗಳು ಹೋದ ಮೇಲೆ ಇಂಗ್ಲಿಷರ ದಂಡು ಬಂದಿತು, ಅದೂ ಹೋಯಿತು. ರೈಲು ಬಂದಾಗ ನಿಲ್ದಾಣದ ಹಲಗೆಯ ಮೇಲೂ ಅದೇ ಹೆಸರನ್ನು ಬರೆದರು. ಕೊನೆಗೆ ಹಲಗೆಯೂ ಬದಲಾಯಿತು. ಹಳಬರ ಮಾತಿನಲ್ಲಿ ಮಾತ್ರ ಆ ಹೆಸರು ಆಗಾಗ ತಲೆಯೆತ್ತುವುದುಂಟು.

ಒಂದು ಜನಾಂಗದವರು ಒಂದೆಡೆ ವರ್ಷಗಟ್ಟಲೆ ಬೀಡುಬಿಟ್ಟಿದ್ದು, ಊರಿಗೆ ತಮ್ಮ ಹೆಸರನ್ನೇ ಅಂಟಿಸಿ ಹೋದರು. ಆದರೆ "ಇದು ಆ ಫ್ರೆಂಚರವನ ಮನೆ, ಇವರು ಅವನ ಮೊಮ್ಮಕ್ಕಳ ಮೊಮ್ಮಕ್ಕಳು" ಎಂದು ತೋರಿಸಬಹುದಾದ ಒಂದು ಮನೆಯೂ ಹಿರೋಡೆಯ ಬೀದಿಯಲ್ಲಿ ಹೆಸರಾಗಿ ಉಳಿಯಲಿಲ್ಲ. ಬಂಡೆ ಹೆಸರನ್ನು ಹೊತ್ತಿತು, ವಂಶ ಹೊರಲಿಲ್ಲ. ಇದರಲ್ಲಿ ಆಶ್ಚರ್ಯವೇನು, ಸಿಪಾಯಿಗಳ ಪಾಡೇ ಹಾಗೆ ಎನ್ನಬಹುದು. ಆದರೆ ಅದೇ ಫ್ರಾನ್ಸ್ ದೇಶದಿಂದ, ಹೈದರನಿಗಿಂತ ಸುಮಾರು ಒಂದೂವರೆ ಶತಮಾನ ಮೊದಲು, ಭೂಮಿಯ ಇನ್ನೊಂದು ಮಗ್ಗುಲಿಗೆ ಹೊರಟುಹೋದ ಒಂದು ದಂಪತಿಗಳ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಅಷ್ಟು ಸರಳವಲ್ಲವೆಂದು ತೋರುತ್ತದೆ.

ಅವನ ಹೆಸರು ಲೂಯಿ ಎಬೇರ್. ಪ್ಯಾರಿಸಿನಲ್ಲಿ ಔಷಧಿಯ ಅಂಗಡಿಯವನು. ಅವಳ ಹೆಸರು ಮಾರಿ ರೋಲೇ. ೧೬೧೭ರಲ್ಲಿ ಇವರು ಮೂವರು ಮಕ್ಕಳನ್ನು ಕರೆದುಕೊಂಡು ಕೆನಡಾ ದೇಶದ ಕೆಬೆಕ್ ಎಂಬ ಕೋಟೆಗೆ ಹೊರಟರು. ಅಂಗಡಿ, ಮನೆ ಎಲ್ಲವನ್ನೂ ಬಿಟ್ಟು ಹಡಗಿನ ಬಂದರಿಗೆ ಬಂದಾಗ, ಮೊದಲು ಒಪ್ಪಿದ್ದ ಸಂಬಳದಲ್ಲಿ ಅರ್ಧ ಮಾತ್ರ ಕೊಡುವೆವೆಂದು ವ್ಯಾಪಾರದ ಕಂಪೆನಿಯವರು ಹೇಳಿದರು. ಹಿಂದಿರುಗಲು ಮನೆಯಿಲ್ಲ, ಆದುದರಿಂದ ಒಪ್ಪಿ ಹಡಗು ಹತ್ತಿದರು. ಕೆಬೆಕ್ಕಿನಲ್ಲಿ ಆಗ ಇದ್ದವರು ತುಪ್ಪುಳಿನ ಚರ್ಮದ ವ್ಯಾಪಾರಕ್ಕೆ ಬಂದ ಕೆಲವು ಗಂಡಸರು. ಸಂಸಾರ ಹೂಡಿ ಬೇಸಾಯ ಮಾಡಲು ಬಂದ ಮೊದಲ ಫ್ರೆಂಚ್ ಕುಟುಂಬ ಇದೇ. ಮರ ಕಡಿದು, ಬೇರು ಕಿತ್ತು, ನೆಲವನ್ನು ಕೈಯಿಂದಲೇ ಅಗೆದು ಬಿತ್ತಿದರು. ನೇಗಿಲು ಆ ನೆಲಕ್ಕೆ ಬಂದುದು ೧೬೨೮ರಲ್ಲಿ; ಅದಕ್ಕೆ ಒಂದು ವರ್ಷ ಮೊದಲೇ ಎಬೇರ್ ತೀರಿಕೊಂಡಿದ್ದನು. ಮಂಡ್ಯದ ಸೀಮೆಯ ಒಕ್ಕಲಿಗನಿಗೆ ಈ ಒಂದು ಸಂಗತಿ ಸಾಕು, ಆ ಹತ್ತು ವರ್ಷ ಹೇಗಿದ್ದಿರಬೇಕೆಂದು ತಿಳಿಯಲು.

ಮುಂದೆ ೧೬೨೯ರಲ್ಲಿ ಇಂಗ್ಲಿಷರು ಕೆಬೆಕ್ಕನ್ನು ಹಿಡಿದರು. ಬಹುಮಂದಿ ಫ್ರೆಂಚರು ಹಡಗು ಹತ್ತಿ ಸ್ವದೇಶಕ್ಕೆ ಹಿಂದಿರುಗಿದರು. ಮಾರಿ ರೋಲೇ ಹೋಗಲಿಲ್ಲ. ಅದೇ ವರ್ಷ ಇನ್ನೊಂದು ಮದುವೆಯಾಗಿ, ಅಳಿಯ ಮಗಳು ಮೊಮ್ಮಕ್ಕಳೊಡನೆ ಆ ನೆಲವನ್ನೇ ಹಿಡಿದು ನಿಂತಳು. ೧೬೪೯ರಲ್ಲಿ ಅಲ್ಲೇ ಮಣ್ಣಾದಳು.

ಇನ್ನು ಅವರ ಸಂತತಿಯ ಮಾತು. ಹಿರಿಯ ಮಗಳು ಆನ್ ೧೬೧೮ರಲ್ಲಿ ಮದುವೆಯಾಗಿ, ಮುಂದಿನ ವರ್ಷವೇ ಬಾಣಂತಿತನದಲ್ಲಿ ಮಗುವಿನೊಡನೆ ತೀರಿಹೋದಳು. ಒಬ್ಬನೇ ಮಗ ಗಿಯೋಮ್ ೧೬೩೯ರಲ್ಲಿ ಸತ್ತನು. ಅವನ ಮಗ ಜೋಸೆಫ್ ಇರೋಕ್ವಾ ಜನರ ಕೈಗೆ ಸೆರೆಸಿಕ್ಕಿ ಮಡಿದನು. ಜೋಸೆಫನ ಒಂದೇ ಮಗು ಎಳವೆಯಲ್ಲಿಯೇ ಹೋಯಿತು. ಅಲ್ಲಿಗೆ ಗಂಡುಸಂತತಿ ಕಡಿಯಿತು. ಈ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಲೂಯಿ ಎಬೇರನದು ನಷ್ಟಸಂತಾನ; ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಗೆರೆ ಎಳೆದು ಮುಗಿಸಬೇಕಾದುದು. ಆದರೆ ಕಿರಿಯ ಮಗಳು ಗಿಯೆಮೆತ್ ಎಂಬವಳು ಇದ್ದಳು. ೧೬೨೧ರಲ್ಲಿ ಗಿಯೋಮ್ ಕುಯಾರ್ ಎಂಬವನನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಹೆತ್ತು, ೧೬೮೪ರವರೆಗೆ ಬಾಳಿದಳು. ಸತ್ತ ಮಗನಿಗೂ ಫ್ರಾನ್ಸ್ವಾಸ್ ಎಂಬ ಮಗಳೊಬ್ಬಳಿದ್ದಳು. ಇಂದು ಕೆನಡಾದಲ್ಲಿ ಅಸಂಖ್ಯ ಕುಟುಂಬಗಳು ತಮ್ಮ ಮೂಲದಂಪತಿಗಳು ಎಬೇರ್ ಮತ್ತು ರೋಲೇ ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸಬಲ್ಲವು. ಅಷ್ಟು ಹೆಜ್ಜೆಗಳೂ ಹಾಯುವುದು ಈ ಇಬ್ಬರು ಹೆಂಗಸರ ಮೂಲಕ.

ಹಾಗೆ ತೋರಿಸಲು ಅವರಿಗೆ ಸಾಧ್ಯವಾದುದು ಹೇಗೆ? ಆ ಜನಕ್ಕೆ ವಂಶಾಭಿಮಾನ ಹೆಚ್ಚೆಂದೇನೂ ಅಲ್ಲ. ಹುಟ್ಟಿದಾಗ, ಮದುವೆಯಾದಾಗ, ಸತ್ತಾಗ ಪಾದ್ರಿ ಒಂದು ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಮದುವೆಯ ಬರಹದಲ್ಲಿ ವರನ ತಂದೆತಾಯಿಗಳ ಹೆಸರಿನಂತೆಯೇ ವಧುವಿನ ತಂದೆತಾಯಿಗಳ ಹೆಸರೂ ಬರುತ್ತಿತ್ತು. ಇದಕ್ಕಿಂತ ಮುಖ್ಯವಾದುದು ಮತ್ತೊಂದು: ಮದುವೆಯಾದ ಮೇಲೂ ಆ ಪುಸ್ತಕಗಳಲ್ಲಿ ಹೆಣ್ಣಿನ ಹೆಸರು ತವರಿನ ಹೆಸರೇ. ಮಾರಿ ರೋಲೇ ಎರಡು ಮದುವೆಯಾದಳು. ಆದರೂ ಅವಳು ರೋಲೇ ಆಗಿಯೇ ಹುಟ್ಟಿದಳು, ರೋಲೇ ಆಗಿಯೇ ಸತ್ತಳು. ೧೬೬೩ರಿಂದ ೧೬೭೩ರವರೆಗೆ ಫ್ರಾನ್ಸಿನ ಅರಸನು ತನ್ನ ಖರ್ಚಿನಲ್ಲಿ ಸುಮಾರು ೮೦೦ ಮಂದಿ ಹುಡುಗಿಯರನ್ನು ಆ ದೇಶದ ಗಂಡಸರಿಗೆ ಹೆಂಡಂದಿರಾಗಲೆಂದು ಕಳುಹಿಸಿದನು. ಅವರಲ್ಲಿ ಎಷ್ಟೋ ಮಂದಿ ತಂದೆತಾಯಿಗಳಿಲ್ಲದ ಬಡಹುಡುಗಿಯರು. ಅವರ ಹೆಸರುಗಳೂ ಉಳಿದಿವೆ.

ಪುಸ್ತಕಕ್ಕೂ ವಿಪತ್ತು ತಪ್ಪಲಿಲ್ಲ. ೧೬೪೦ರಲ್ಲಿ ಕೆಬೆಕ್ಕಿನ ದೇವಾಲಯಕ್ಕೆ ಬೆಂಕಿ ಬಿದ್ದು ಅಲ್ಲಿಯವರೆಗಿನ ದಾಖಲೆಗಳೆಲ್ಲ ಬೂದಿಯಾದವು. ಆಗ ಪಾದ್ರಿಗಳು ಊರಿನವರನ್ನು ಕೇಳಿ ಕೇಳಿ, ಯಾರು ಎಂದು ಹುಟ್ಟಿದರು, ಯಾರು ಯಾರನ್ನು ವರಿಸಿದರು ಎಂದು ನೆನಪಿನಿಂದಲೇ ಪುಸ್ತಕವನ್ನು ಮತ್ತೆ ಬರೆದರು. ಕೇಳಿ ಬರೆಯುವವನೊಬ್ಬನಿದ್ದುದರಿಂದ ಬಾಯಿಮಾತು ದಾಖಲೆಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಪ್ರಿಯೆನ್ ತಾಂಗೆ ಎಂಬ ಪಾದ್ರಿ ಊರೂರು ಅಲೆದು ಇಂತಹ ಪುಸ್ತಕಗಳನ್ನೆಲ್ಲ ನೋಡಿ, ೧೮೭೧ರಿಂದ ೧೮೯೦ರವರೆಗೆ ಏಳು ಸಂಪುಟಗಳ ವಂಶಾವಳಿಯ ಕೋಶವನ್ನು ಅಚ್ಚು ಹಾಕಿಸಿದನು. ಪುಣ್ಯಾತ್ಮ, ಅವನ ತಪ್ಪುಗಳನ್ನು ತಿದ್ದುವ ಕೆಲಸವನ್ನೂ ಮಾಂಟ್ರಿಯಲ್ಲಿನ ವಿಶ್ವವಿದ್ಯಾಲಯದವರು ೧೯೬೬ರಿಂದೀಚೆಗೆ ಗಣಕಯಂತ್ರದ ನೆರವಿನಿಂದ ನಡೆಸಿದರು.

ಹಿರೋಡೆಯ ಪಾಳೆಯದಲ್ಲಿ ಇದಾವುದೂ ಇರಲಿಲ್ಲ. ಪಾಳೆಯಕ್ಕೆ ಬಂದವರು ಸಂಬಳಕ್ಕೆ ಬಂದವರು, ನೆಲಕ್ಕಲ್ಲ. ಅವರ ಹೆಸರುಗಳು ಗುಂಪಾಗಿ ಸಿಕ್ಕುವ ಒಂದು ಪ್ರಸಿದ್ಧ ಕಾಗದವುಂಟು. ೧೭೯೭ರಲ್ಲಿ ರಿಪೋ ಎಂಬ ನಾವಿಕನು ಶ್ರೀರಂಗಪಟ್ಟಣದಲ್ಲಿ ಫ್ರೆಂಚರ ಒಂದು ಕ್ರಾಂತಿಸಭೆಯನ್ನು ಕೂಡಿಸಿದನೆಂದೂ ಅದರಲ್ಲಿ ೫೯ ಮಂದಿ ಸೇರಿದರೆಂದೂ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಟಿಪ್ಪುವಿನ ಮೇಲೆ ಯುದ್ಧ ಹೂಡಿದ್ದಕ್ಕೆ ಸಮರ್ಥನೆಯಾಗಲೆಂದು ಕಂಪೆನಿಯವರೇ ಈ ಕಾಗದವನ್ನು ಕಟ್ಟಿರಬಹುದೆಂದು ಇತ್ತೀಚಿನ ಚರಿತ್ರಕಾರರು ಸಂದೇಹಪಟ್ಟಿದ್ದಾರೆ. ಸಾಚಾ ಆಗಲಿ, ಕಟ್ಟಿದುದೇ ಆಗಲಿ, ಅದು ದಂಡಿನವರ ಪಟ್ಟಿ. ಯಾರ ಮನೆಯೊಳಗಿನ ಹೆಸರಿಗೂ ಅದರಲ್ಲಿ ಎಡೆಯಿಲ್ಲ. ೧೭೯೮ರಲ್ಲಿ ಮಾರಿಷಸ್ ದ್ವೀಪದಿಂದ ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರೂ ನೂರಕ್ಕೆ ಕಡಮೆ. ಮರುವರ್ಷದ ಮೇ ೪ರಂದು ಕೋಟೆ ಬಿದ್ದಾಗ ಉಳಿದಿದ್ದ ಫ್ರೆಂಚರು ಸೆರೆಸಿಕ್ಕರು. ವರ್ಷಗಟ್ಟಲೆ ಬೀಡುಬಿಟ್ಟಿದ್ದ ಆ ಗಂಡಸರಲ್ಲಿ ಕೆಲವರಾದರೂ ಇಲ್ಲಿಯ ಹೆಣ್ಣುಗಳೊಡನೆ ಸಂಸಾರ ಮಾಡಿರಲಾರರೆ? ಮಾಡಿದ್ದರೆ ಆ ಮಕ್ಕಳು ತಾಯಿಯ ಊರಿನಲ್ಲಿ, ತಾಯಿಯ ಮಾತನ್ನಾಡಿಕೊಂಡು, ಈ ಸೀಮೆಯ ಜನದಲ್ಲಿಯೇ ಬೆರೆತುಹೋಗಿರಬೇಕು. ತಾಯಿಯ ಹೆಸರನ್ನು ಯಾರೂ ಬರೆದಿಡದ ಕಡೆ, ತಂದೆ ಹೊರಟುಹೋದರೆ ಮಗುವಿನ ವಂಶ ಅಲ್ಲಿಂದಲೇ ಹೊಸದಾಗಿ ಶುರು.

ಶ್ರೀರಂಗಪಟ್ಟಣಕ್ಕೂ ಕೆನಡಾಕ್ಕೂ ನೇರವಾದ ಒಂದು ನಂಟೂ ಉಂಟು. ಆ ೧೭೯೯ರ ಮುತ್ತಿಗೆಯಲ್ಲಿ ಇಂಗ್ಲಿಷರ ಕಡೆ ದ ಮ್ಯುರೋನ್ ಎಂಬ ಸ್ವಿಸ್ ದಂಡು ಇತ್ತು. ೧೭೮೧ರಲ್ಲಿ ನ್ಯೂಶಾತೆಲ್ ನಗರದ ಶಾರ್ಲ್ ದನಿಯೆಲ್ ದ ಮ್ಯುರೋನ್ ಎಂಬವನು ಡಚ್ಚರಿಗಾಗಿ ಕಟ್ಟಿದ ಪಡೆ ಅದು; ೧೭೯೫ರಲ್ಲಿ ಇಂಗ್ಲಿಷರ ಸಂಬಳಕ್ಕೆ ಸೇರಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ದಂಡಿನ ಗೋರಿತೋಟದಲ್ಲಿರುವ ಸುಮಾರು ೩೦೦ ಗೋರಿಗಳಲ್ಲಿ ಈ ದಂಡಿನವರದೂ ಅವರ ಹೆಂಡಿರು ಮಕ್ಕಳದೂ ಹಲವು. ೧೮೦೬ರಲ್ಲಿ ದಂಡು ಇಂಡಿಯಾವನ್ನು ಬಿಟ್ಟಿತು. ೧೮೧೩ರಲ್ಲಿ ಕೆನಡಾಕ್ಕೆ ಹೋಯಿತು. ಅಷ್ಟರಲ್ಲಿ ಆಳುಗಳು ಬಹುಮಟ್ಟಿಗೆ ಬದಲಾಗಿದ್ದರು, ಹೆಸರೊಂದು ಹಾಗೆಯೇ ಇತ್ತು. ೧೮೧೬ರಲ್ಲಿ ದಂಡನ್ನು ಮುರಿದಾಗ ಕೆಲವರು ಲಾರ್ಡ್ ಸೆಲ್‌ಕರ್ಕ್ ಎಂಬವನ ಹಿಂದೆ ಪಶ್ಚಿಮಕ್ಕೆ ನಡೆದು, ಈಗಿನ ವಿನಿಪೆಗ್ ನಗರವಿರುವ ಕೆಂಪುನದಿಯ ದಡದಲ್ಲಿ ಬೀಡುಬಿಟ್ಟರು. ಹೆಂಗಸರಿಲ್ಲದ ಬೀಡು, ಬೇಸಾಯವೂ ಅಷ್ಟಕ್ಕಷ್ಟೆ. ೧೮೨೧ರಲ್ಲಿ ಸ್ವಿಟ್ಸರ್ಲೆಂಡಿನಿಂದ ಕೆಲವು ಕುಟುಂಬಗಳು ಅಲ್ಲಿಗೆ ಬಂದಾಗ, ಹೆಣ್ಣುಮಕ್ಕಳಿದ್ದ ಕುಟುಂಬಗಳನ್ನು ಈ ಹಳೆಯ ಸಿಪಾಯಿಗಳು ಆದರದಿಂದ ತಮ್ಮ ಮನೆಗಳಿಗೆ ಕರೆದುಕೊಂಡರಂತೆ. ಮದುವೆಗಳು ಬೇಗಬೇಗನೆ ನಡೆದವು. ೧೮೨೬ರಲ್ಲಿ ನದಿ ಉಕ್ಕಿ ಎಲ್ಲವನ್ನೂ ಕೊಚ್ಚಿಕೊಂಡು ಹೋದ ಮೇಲೆ ಬಹುಮಂದಿ ಆ ನೆಲವನ್ನು ಬಿಟ್ಟು ಅಮೆರಿಕದ ಕಡೆಗೆ ಇಳಿದರು. ಹಿರೋಡೆಯಲ್ಲಿ ಆಗದೆ ಹೋದುದು ಕೆಂಪುನದಿಯಲ್ಲಿ ಅರ್ಧಮರ್ಧ ಆಯಿತು.

ಈ ಸೀಮೆಯಲ್ಲಿ ವಂಶವನ್ನು ನೆನಪಿಡುವ ಏರ್ಪಾಡು ಇರಲಿಲ್ಲವೆಂದಲ್ಲ. ಹೆಳವರನ್ನು ಕಂಡವರಿಗೆ ಆ ಮಾತನ್ನು ಆಡಲು ನಾಲಗೆ ಬಾರದು. ಸುಗ್ಗಿಯ ಕಾಲಕ್ಕೆ ಗಂಟೆ ಕಟ್ಟಿದ ಎತ್ತಿನ ಮೇಲೆ, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು, ನಡೆಯಲಾರದವನ ಹಾಗೆ ಕುಳಿತು ಹೆಳವನು ಊರಿಗೆ ಬರುತ್ತಿದ್ದನು. ಹೆಳವ ಎಂದರೆ ಕುಂಟನೆಂದೇ ಅರ್ಥ. ತನ್ನ ಪಾಲಿನ ಒಕ್ಕಲುಗಳ ಮನೆಬಾಗಿಲಲ್ಲಿ ನಿಂತು ಆ ಮನೆಯ ಮೂಲಪುರುಷನು ಯಾವ ಊರಿನಿಂದ ಬಂದನು, ಯಾವ ದೇವರ ಒಕ್ಕಲು, ಅವನಿಗೆ ಮಕ್ಕಳೆಷ್ಟು, ಯಾರ ಕವಲು ಎಲ್ಲಿ ನೆಲೆಸಿತು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದನು. ಕೆಲವರ ಬಳಿ ಓಲೆಗರಿ, ತಾಮ್ರದ ತಗಡು. ಆಮೇಲೆ ಕಾಗದದ ಕಡತಗಳು. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳನ್ನು ಪಟ್ಟಿಗೆ ಸೇರಿಸಿಕೊಂಡು, ಮೊರದಲ್ಲಿ ಕೊಟ್ಟ ರಾಗಿಯನ್ನೋ ಬತ್ತವನ್ನೋ ಚೀಲಕ್ಕೆ ಸುರಿದುಕೊಂಡು ಮುಂದಿನ ಊರಿಗೆ ಹೊರಡುವನು. ಕೃಷ್ಣರಾಜಸಾಗರದ ನೀರು ನಿಂತು ಹಳೆಯ ಕನ್ನಂಬಾಡಿ ಮುಳುಗಿದಂತೆ ಊರೇ ಮುಳುಗಬಹುದು. ಬಾಯಲ್ಲಿದ್ದ ವಂಶ ಮುಳುಗದು. ಕೆಬೆಕ್ಕಿನ ಪಾದ್ರಿಗೂ ಈ ಹೆಳವನಿಗೂ ಕೆಲಸ ಒಂದೇ, ಕೂಲಿ ಮಾತ್ರ ಬೇರೆ.

ಕೆಲಸ ಒಂದೇ ಎಂದರೂ ಲೆಕ್ಕ ಒಂದೇ ಅಲ್ಲ. ಹೆಳವನ ಸಾಲು ಗಂಡಿನಿಂದ ಗಂಡಿಗೆ ಹೋಗುತ್ತದೆ. ಮೂಲಪುರುಷನೆಂಬ ಮಾತು ಭಾಷೆಯಲ್ಲಿ ಉಂಟು. ಅವನ ಜೊತೆಗೆ ಬುತ್ತಿ ಕಟ್ಟಿಕೊಂಡು, ಕೂಸನ್ನು ಕಂಕುಳಲ್ಲಿ ಇರಿಸಿಕೊಂಡು ಬಂದವಳಿಗೆ ಅಂತಹ ಒಂದು ಮಾತಿಲ್ಲ. ಮಗಳು ಮದುವೆಯಾಗಿ ಹೊಸಿಲು ದಾಟಿದಳೆಂದರೆ ಪಟ್ಟಿಯಿಂದಲೂ ದಾಟಿದಳು. ಹೋದ ಮನೆಯಲ್ಲಿ ಬೆಳ್ಳೂರಿನಿಂದ ಬಂದವಳು ಬೆಳ್ಳೂರವ್ವ, ಕಿಕ್ಕೇರಿಯಿಂದ ಬಂದವಳು ಕಿಕ್ಕೇರವ್ವ. ತವರಿನ ಗುರುತು ಅವಳು ಇರುವವರೆಗೆ ಜನದ ಬಾಯಲ್ಲಿ ಉಳಿದು, ಅವಳೊಡನೆ ಹೋಗುತ್ತದೆ. ಲೂಯಿ ಎಬೇರನ ಮನೆಗೆ ಹೆಳವನು ಹೋಗುವಂತಿದ್ದರೆ, ಮೊಮ್ಮಗನ ಮಗು ತೀರಿಹೋದ ವರ್ಷಕ್ಕೆ ಎತ್ತನ್ನು ಬೇರೆ ಬೀದಿಗೆ ತಿರುಗಿಸುತ್ತಿದ್ದನು.

ಇದು ಈ ನಾಡಿನ ಸ್ವಭಾವವೇ ಎಂದು ತೀರ್ಮಾನಿಸುವುದಕ್ಕೂ ಆತುರಪಡಬೇಕಾಗಿಲ್ಲ. ನಾಗಮಂಗಲ ಸೀಮೆಯ ದೇವರಹಳ್ಳಿಯ ತಾಮ್ರಶಾಸನ ಶಕವರ್ಷ ೬೯೮ರದು, ಎಂದರೆ ಕ್ರಿಸ್ತಶಕ ೭೭೬ರ ಸುಮಾರಿನದು. ಗಂಗರ ಶ್ರೀಪುರುಷನ ಕಾಲ. ಶ್ರೀಪುರದ ಬಡಗಲಲ್ಲಿ ಕುಂದಾಚ್ಚಿ ಎಂಬವಳು ಕಟ್ಟಿಸಿದ ಲೋಕತಿಲಕವೆಂಬ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಅದು ಹೇಳುತ್ತದೆ. ಅವಳ ಗಂಡ ನಿರ್ಗುಂದದ ಅರಸ ಪರಮಗೂಳ. ಅವನ ತಂದೆ ದುಂಡು. ಇಷ್ಟಕ್ಕೆ ನಿಲ್ಲಿಸದೆ ಶಾಸನಕಾರನು ಕುಂದಾಚ್ಚಿಯ ತಂದೆ ಸಗರಕುಲದ ಮರುವರ್ಮನೆಂದೂ ಅವಳ ತಾಯಿ ಪಲ್ಲವಾಧಿರಾಜನ ಮಗಳೆಂದೂ ಕೊರೆದನು. ಕೆಬೆಕ್ಕಿನ ಮದುವೆಯ ಪುಸ್ತಕದಲ್ಲಿರುವುದೆಲ್ಲ, ಎಂಟುನೂರು ವರ್ಷಗಳಿಗಿಂತಲೂ ಹಿಂದೆ, ಈ ತಗಡಿನ ಮೇಲೆ ಇದೆ. ಕೃಷ್ಣರಾಜಪೇಟೆಯ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು ೧೧೭೧ರಲ್ಲಿ ಕಟ್ಟಿಸಿದವಳೂ ಬಮ್ಮವ್ವೆ ನಾಯಕಿತಿ ಎಂಬ ಹೆಂಗಸು. ಗುಡಿ ಕಟ್ಟಿಸುವಷ್ಟು ಹಣವಿದ್ದ ಹೆಣ್ಣಿಗೆ ವಂಶವೂ ಇತ್ತು, ಕಲ್ಲೂ ಇತ್ತು. ರಾಗಿ ಬೀಸಿದವಳ ಹೆಸರನ್ನು ಕೊರೆಯಲು ಕಲ್ಲುಕುಟಿಗನಿಗೆ ಕೂಲಿ ಕೊಡುವವರು ಯಾರು?

ಮೈಸೂರಿನ ಅರಸುಮನೆತನದ ಮೂಲಕಥೆಯನ್ನೇ ತೆಗೆದುಕೊಂಡರೂ ಸಾಕು. ದ್ವಾರಕೆಯಿಂದ ಬಂದ ಯದುರಾಯನು ೧೩೯೯ರಲ್ಲಿ ಮೂಲಪುರುಷನಾದನೆಂದು ಶ್ರೀರಂಗಪಟ್ಟಣದ ಹುಡುಗನೂ ಹೇಳಬಲ್ಲನು. ಅವನಿಗೆ ನೆಲ ಎಲ್ಲಿಂದ ಬಂದಿತು? ತಂದೆ ಇಲ್ಲದ ಮನೆಯಲ್ಲಿ ಮಾರನಾಯಕನ ಕಾಟಕ್ಕೆ ಸಿಕ್ಕಿದ್ದ ದೇವಾಜಮ್ಮಣ್ಣಿಯನ್ನು ಕಾಪಾಡಿ ಕೈಹಿಡಿದುದರಿಂದ ಬಂದಿತೆಂದು ಅದೇ ಐತಿಹ್ಯವೇ ಹೇಳುತ್ತದೆ. ನೆಲ ಅವಳದು, ಬಂದವನು ಅವನು. ಆದರೂ ವಂಶವೃಕ್ಷವನ್ನು ಬರೆಯುವಾಗ ಬೇರಿನಲ್ಲಿ ಕುಳ್ಳಿರಿಸಿದುದು ಅವನನ್ನು.

ವಂಶವೃಕ್ಷವೆಂಬ ಮಾತು ಈಗ ಅರಮನೆಯದಲ್ಲ, ನಾಡಕಚೇರಿಯದು. ತಂದೆ ತೀರಿಕೊಂಡ ಮೇಲೆ ಜಮೀನಿನ ಖಾತೆ ಮಕ್ಕಳ ಹೆಸರಿಗೆ ಆಗಬೇಕಾದರೆ ಆ ಕಾಗದ ಬೇಕು. ಮನೆಯವರು ಹೇಳಿದುದನ್ನು, ನೆರೆಹೊರೆಯವರ ಸಾಕ್ಷಿಯಿಂದ, ಗ್ರಾಮದ ಅಧಿಕಾರಿ ಬರೆದುಕೊಳ್ಳುತ್ತಾನೆ. ಹೆಳವನಿಗೆ ರಾಗಿ ಕೊಟ್ಟು ಹೇಳಿಸುತ್ತಿದ್ದುದನ್ನು ಈಗ ಅರ್ಜಿ ಕೊಟ್ಟು ಬರೆಯಿಸುವುದಾಗಿದೆ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾನೂನು ಬಂದುದು ೧೯೩೩ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲೆಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಯಾದುದು ೧೯೯೪ರಲ್ಲಿ. ಇಡೀ ದೇಶಕ್ಕೆ ೨೦೦೫ರಲ್ಲಿ. ಕಾನೂನು ಪುಸ್ತಕದಲ್ಲಿ ಹೀಗಿದ್ದರೂ, "ಹೆಣ್ಣುಮಕ್ಕಳು ಕೊಟ್ಟ ಮನೆಯಲ್ಲಿ ಸುಖವಾಗಿದ್ದಾರೆ, ಅವರ ಹೆಸರು ಏಕೆ?" ಎಂದು ಪಟ್ಟಿಯನ್ನು ಗಂಡುಮಕ್ಕಳಿಗೇ ಮುಗಿಸುವ ಮನೆಗಳು ಇಲ್ಲದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಯ ಒಂದೊಂದು ಗುಂಟೆಗೂ ಬೆಲೆ ಏರಿದ ಕಡೆ ಈ ಮರೆವು ಸುಮ್ಮನೆ ಬಂದುದೆಂದು ನಂಬುವುದು ಕಷ್ಟ. ಪಟ್ಟಿಯಲ್ಲಿ ಇಲ್ಲದ ಮಗಳು ಇಪ್ಪತ್ತು ವರ್ಷಗಳ ಮೇಲೆ ನ್ಯಾಯಾಲಯದ ಮೆಟ್ಟಲು ಹತ್ತಿದಾಗ, ತಾನು ತನ್ನ ತಂದೆಗೆ ಹುಟ್ಟಿದವಳೆಂಬುದಕ್ಕೇ ಪುರಾವೆ ಒದಗಿಸಬೇಕಾಗುತ್ತದೆ. ನೆಲದ ಪಾಲು ಅನಂತರದ ಮಾತು. ಮೊದಲು ಹೋದುದು ಹೆಸರು.

ಹೆಂಗಸರ ಹೆಸರನ್ನು ಮೂರು ತಲೆಯವರೆಗೆ ಕೇಳುವ ಸ್ಥಳ ಈ ಸೀಮೆಯಲ್ಲಿ ಒಂದಿದೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ಪಡುವಲಿಗೆ ತಿರುಗಿ ಹರಿಯುವ ಪಶ್ಚಿಮವಾಹಿನಿಗೆ ನಾಲ್ಕು ತಾಲ್ಲೂಕುಗಳಿಂದಲೂ ಜನ ಅಸ್ಥಿಯನ್ನು ತರುತ್ತಾರೆ. ತರ್ಪಣಕ್ಕೆ ಕುಳಿತವನು ತಂದೆ, ತಾತ, ಮುತ್ತಾತ ಎಂದು ಮೂರು ಹೆಸರುಗಳನ್ನು ಹೇಳುತ್ತಾನೆ. ಅನಂತರ ಪುರೋಹಿತರು ತಾಯಿಯ ಹೆಸರು ಕೇಳುತ್ತಾರೆ, ಹೇಳುತ್ತಾನೆ. ತಂದೆಯ ತಾಯಿಯ ಹೆಸರು ಕೇಳುತ್ತಾರೆ. ಸ್ವಲ್ಪ ತಡೆದು ಹೇಳುತ್ತಾನೆ. ತಾತನ ತಾಯಿ ಎಂದಾಗ ಅವನ ಬೆರಳ ಸಂದಿಯಲ್ಲಿ ಎಳ್ಳುನೀರು ಸೋರತೊಡಗುತ್ತದೆ. ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಆಗ ಮೆಟ್ಟಲಿನ ಮೇಲೆ ಸೆರಗು ಹೊದ್ದು ಕುಳಿತ ಯಾರಾದರೊಬ್ಬ ಮುದುಕಿಯ ಕಡೆಗೆ ಎಲ್ಲರೂ ತಿರುಗುವುದುಂಟು. ಮದುವೆಯಾಗಿ ಆ ಮನೆಯ ಪಟ್ಟಿಯಿಂದ ಹೊರಗಾದ ಸೋದರತ್ತೆ ಅವಳು. ಅಷ್ಟು ದೂರದಿಂದಲೇ ಅವಳು ಆ ಹೆಸರನ್ನು ಹೇಳುತ್ತಾಳೆ. ಯಾವ ಊರಿನಿಂದ ತಂದ ಹೆಣ್ಣೆಂಬುದನ್ನೂ, ಅಲ್ಲಿ ಯಾರ ಮನೆಯವಳೆಂಬುದನ್ನೂ, ಕೇಳದಿದ್ದರೂ, ಹೇಳುತ್ತಾಳೆ. ಪುರೋಹಿತರಿಗೆ ಹೆಸರೊಂದು ಸಾಕು, ಮಂತ್ರ ಮುಂದುವರಿಯುತ್ತದೆ.